ಕೋಶಪೊರೆಗೆ ಗೋಧಿ ಲೆಕ್ಟಿನ್ ಬಣ್ಣ: ಗಡಿ ತೋರಿಸಲು ಸೈ, ಓಟ ಅಳೆಯಲು ಬೇಡ

ಡಬ್ಲ್ಯೂಜಿಎ–ಅಲೆಕ್ಸಾ ಫ್ಲೋರ್ 488 ಅಂದರೆ ಗೋಧಿ ಕಾಳಿನ ಭ್ರೂಣದ ಲೆಕ್ಟಿನ್‌ಗೆ (ಸಕ್ಕರೆಗೆ ಅಂಟುವ ಪ್ರೋಟೀನಿಗೆ) ಹಸಿರಾಗಿ ಹೊಳೆಯುವ ಡೈ ಅಂಟಿಸಿದ ಸರಕು. ಪೊರೆಯ ಹೊರಮೈಯ ಸಿಯಾಲಿಕ್ ಆಮ್ಲ, ಎನ್-ಅಸಿಟೈಲ್ ಗ್ಲುಕೋಸಮೈನ್ ಎಂಬ ಸಕ್ಕರೆಗಳನ್ನು ಅದು ಹಿಡಿದುಕೊಳ್ಳುತ್ತದೆ. ಕೋಶದ ಅಂಚು ನೋಡಬೇಕೆಂದರೆ ಧೈರ್ಯವಾಗಿ ಕೊಳ್ಳಿ.

ಪುಡಿ 5 ಮಿ.ಗ್ರಾಂ ಇದ್ದರೆ 5 ಮಿ.ಲೀ. ಪಿಬಿಎಸ್ (ಫಾಸ್ಫೇಟ್ ಬೆರೆತ ಉಪ್ಪು ದ್ರಾವಣ) ಸಾಕು. ಕಾಸರಗೋಡಿನ ಮಳೆಗಾಲದಲ್ಲಿ ಫ್ರೀಜರಿನಿಂದ ತೆಗೆದ ವಯಲನ್ನು ಕೂಡಲೇ ತೆರೆಯಬೇಡಿ, ಗಾಳಿಯ ತೇವವೆಲ್ಲ ಪುಡಿಯ ಮೇಲೆ ಕೂರುತ್ತದೆ. ಗಾಜಿನ ಬೆವರು ಪೂರ್ತಿ ಆರಲಿ. ಕರಗಿಸಿದ್ದನ್ನು 20 ಮೈಕ್ರೋಲೀಟರಿನ ಪಾಲು ಮಾಡಿ ಮೈನಸ್ 20ರಲ್ಲಿ ಕತ್ತಲಲ್ಲಿಡಿ. ಒಂದೇ ಪಾಲನ್ನು ಮತ್ತೆ ಮತ್ತೆ ಹೆಪ್ಪುಗಟ್ಟಿಸಿದರೆ ಪ್ರೋಟೀನು ಗಂಟುಕಟ್ಟಿ, ಸ್ಲೈಡಿನಲ್ಲಿ ಅಲ್ಲಲ್ಲಿ ಚುಕ್ಕೆಗಳಾಗಿ ಹೊಳೆಯುತ್ತದೆ. ಆದ್ದರಿಂದ ಬಳಸುವ ಮುನ್ನ ಸೆಂಟ್ರಿಫ್ಯೂಜಿನಲ್ಲಿ 10,000 ಜಿಯಲ್ಲಿ 5 ನಿಮಿಷ ತಿರುಗಿಸಿ ಮೇಲಿನ ದ್ರವ ಮಾತ್ರ ತೆಗೆಯಿರಿ.

ಕೋಶ ಬೆಳೆಸಿದ ದ್ರವದ ಸೀರಮ್ (ರಕ್ತದ ತಿಳಿ) ಪೂರ್ತಿ ತೊಳೆಯಬೇಕು. ಅದರ ಗ್ಲೈಕೋಪ್ರೋಟೀನುಗಳು (ಸಕ್ಕರೆ ಅಂಟಿದ ಪ್ರೋಟೀನುಗಳು) ಲೆಕ್ಟಿನ್ನನ್ನು ದಾರಿಯಲ್ಲೇ ಹಿಡಿದುಬಿಡುತ್ತವೆ. 1 ಮಿ.ಲೀ. ಎಚ್‌ಬಿಎಸ್‌ಎಸ್ ಎಂಬ ಉಪ್ಪು ದ್ರಾವಣಕ್ಕೆ 5 ಮೈಕ್ರೋಲೀಟರ್ ಹಾಕಿ 37 ಡಿಗ್ರಿಯಲ್ಲಿ 10 ನಿಮಿಷ, ಎರಡು ತೊಳೆತ, ಆಮೇಲೆ ಕೋಶವನ್ನು ಇದ್ದಂತೆಯೇ ನಿಲ್ಲಿಸಲು ಶೇ. 4ರ ಪ್ಯಾರಾಫಾರ್ಮಾಲ್ಡಿಹೈಡಿನಲ್ಲಿ 15 ನಿಮಿಷ. ನಡುವೆ ಚಹಾ ಕುಡಿದು ಬರುವಷ್ಟು ತಡವಾದರೂ ಕೋಶ ಬಣ್ಣವನ್ನು ಒಳಗೆಳೆದುಕೊಳ್ಳುತ್ತದೆ. ಪೊರೆಗೆ ತೂತು ಮಾಡುವ ಮಾರ್ಜಕ ಟ್ರೈಟನ್ ಹಾಕುವುದಿದ್ದರೆ ಇಷ್ಟೆಲ್ಲ ಮುಗಿದ ಮೇಲೆ. ಮೊದಲೇ ಹಾಕಿದರೆ ಕೋಶದೊಳಗಿನ ಗಾಲ್ಜಿ ಎಂಬ ಅಂಗಕವೂ ನ್ಯೂಕ್ಲಿಯಸ್ಸಿನ ಪೊರೆಯೂ ಹಸಿರಾಗುತ್ತವೆ. ಬಣ್ಣ ಹಿಡಿದದ್ದು ಸಕ್ಕರೆಯನ್ನೇ ಹೌದೋ ಎಂದು ನೋಡಲು ಲೆಕ್ಟಿನ್ನಿಗೆ 0.2 ಮೋಲಾರ್ ಎನ್-ಅಸಿಟೈಲ್ ಗ್ಲುಕೋಸಮೈನ್ ಬೆರೆಸಿದ ಒಂದು ಸ್ಲೈಡ್ ಜೊತೆಗಿರಲಿ, ಅದರಲ್ಲಿ ಹೊಳಪು ಚೆನ್ನಾಗಿ ಇಳಿಯಬೇಕು.

ಎರಡು ಕೋಶ ತಾಗಿದಲ್ಲಿ ಗೆರೆ ಹೆಚ್ಚು ಪ್ರಕಾಶವಾಗಿ ಕಾಣುತ್ತದೆ. ಅಲ್ಲಿ ಅಣುಗಳು ಒಟ್ಟುಗೂಡಿವೆ ಎಂದು ಬರೆದುಬಿಡಬೇಡಿ. ಅಕ್ಕಪಕ್ಕದ ಎರಡು ಪೊರೆಗಳನ್ನು ಸುಮಾರು 200 ನ್ಯಾನೋಮೀಟರಿಗಿಂತ ಹತ್ತಿರದಲ್ಲಿ ಸಾಮಾನ್ಯ ಕಾನ್ಫೋಕಲ್ ಸೂಕ್ಷ್ಮದರ್ಶಕ ಬೇರ್ಪಡಿಸದು, ಎರಡರ ಹೊಳಪೂ ಒಂದೇ ಗೆರೆಯಾಗಿ ಕಾಣುತ್ತದೆ, ಅಷ್ಟೇ.

ದೊಡ್ಡ ಕೊರತೆ ಇದು: ಈ ಲೆಕ್ಟಿನ್‌ಗೆ ಹಿಡಿಯುವ ಕೈ ಒಂದಲ್ಲ, ಹಲವು. ಪಕ್ಕಪಕ್ಕದ ಗ್ಲೈಕೋಪ್ರೋಟೀನುಗಳನ್ನು ಅದೇ ಕಟ್ಟಿಹಾಕುತ್ತದೆ. ಹಾಗಾಗಿ ಫ್ರ್ಯಾಪ್‌ನಲ್ಲಿ (ಒಂದು ಜಾಗದ ಹೊಳಪನ್ನು ಲೇಸರಿನಿಂದ ಆರಿಸಿ, ಅದು ಮರಳುವ ವೇಗದಿಂದ ಅಣುಗಳ ಚಲನೆ ಅಳೆಯುವ ವಿಧಾನದಲ್ಲಿ) ಅಣುಗಳು ಇರುವುದಕ್ಕಿಂತ ನಿಧಾನವಾಗಿ ಕಾಣುತ್ತವೆ. ಪೊರೆಯ ಜಿಎಂ1 ಎಂಬ ಸಕ್ಕರೆ ಅಂಟಿದ ಕೊಬ್ಬಿನ ಅಣುಗಳನ್ನು ಒಮ್ಮೆಗೆ ಐದು ಹಿಡಿಯಬಲ್ಲ ಕಾಲರಾ ಟಾಕ್ಸಿನ್ ಬಿ ಕೂಡ ಇದೇ ತಪ್ಪು ಮಾಡಿಸುತ್ತದೆ. ಚಲನೆ ಅಳೆಯುವವರಿಗೆ ಒಂದೇ ಕೈಯ, ಸುಮಾರು 15 ಕಿಲೋಡಾಲ್ಟನ್ನಿನ ನ್ಯಾನೋಬಾಡಿ (ಪುಟ್ಟ ಪ್ರತಿಕಾಯ ತುಣುಕು) ವಾಸಿ.

ಅಡಿಕೆ ಕೊಳೆರೋಗದ ಸ್ಲೈಡಿಗೆ ಇದನ್ನು ತರಿಸಬೇಡಿ. ಆ ರೋಗ ತರುವ ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ, ಅದರ ಗೋಡೆ ಮುಖ್ಯವಾಗಿ ಗ್ಲೂಕಾನ್ ಮತ್ತು ಸೆಲ್ಯುಲೋಸ್. ಗೋಡೆಯಲ್ಲಿ ಈ ಲೆಕ್ಟಿನ್‌ಗೆ ಬೇಕಾದದ್ದು ಕೈಟಿನ್, ಅಂದರೆ ಎನ್-ಅಸಿಟೈಲ್ ಗ್ಲುಕೋಸಮೈನಿನ ಸರಪಳಿ.