ಇಂಟೆಲಿಜೆ ಐಡಿಯಾ ಅಲ್ಟಿಮೇಟ್: ಸ್ವಂತ ದುಡ್ಡು ಕಟ್ಟಿ ಇಷ್ಟು ವರ್ಷ ಬಳಸಿದ ಮೇಲೆ

ನಾನು ಜಾವಾ ಪ್ರೋಗ್ರಾಮರ್. ಮೈಸೂರಿನಲ್ಲಿ ಮನೆಯಿಂದಲೇ ಸಣ್ಣಪುಟ್ಟ ಗ್ರಾಹಕರಿಗೆ ಕೆಲಸ ಮಾಡಿಕೊಡುತ್ತೇನೆ. 2017ರಿಂದ ಜೆಟ್‌ಬ್ರೇನ್ಸ್ ಕಂಪನಿಯ ಇಂಟೆಲಿಜೆ ಐಡಿಯಾ ಅಲ್ಟಿಮೇಟ್ ಬಳಸುತ್ತಿದ್ದೇನೆ. ಜಾವಾ ಕೋಡ್ ಬರೆಯುವುದಕ್ಕೆ ಇರುವ ತಂತ್ರಾಂಶ ಇದು. ಅದರ ರಿಫ್ಯಾಕ್ಟರಿಂಗ್ (ಕೋಡ್ ಕೆಲಸ ಕೆಡದಂತೆ ರಚನೆ ತಿದ್ದುವುದು), ಡೀಬಗರ್ (ತಪ್ಪು ಹುಡುಕುವ ಸಾಧನ) ಎಷ್ಟು ಚೆನ್ನಾಗಿವೆ ಅಂತ ಬೇಕಾದಷ್ಟು ಜನ ಬರೆದಿದ್ದಾರೆ. ನನಗೆ ಹೇಳಬೇಕು ಅನ್ನಿಸಿದ್ದು ಅದನ್ನು ಮಾರುವ ರೀತಿಯ ಬಗ್ಗೆ.

2020ರ ಜೂನ್‌ನಲ್ಲಿ ನನ್ನ ಸಬ್‌ಸ್ಕ್ರಿಪ್ಷನ್ ಮುಗಿಯಿತು. ಲಾಕ್‌ಡೌನ್ ಹೊತ್ತು, ಎರಡು ಪ್ರಾಜೆಕ್ಟ್ ಅರ್ಧಕ್ಕೇ ನಿಂತಿದ್ದವು. ಕಟ್ಟಲು ಕೈಯಲ್ಲಿ ದುಡ್ಡಿರಲಿಲ್ಲ. ಹೊಸ ಆವೃತ್ತಿ ತೆಗೆದು, ಹಿಂದಿನ ವರ್ಷ ದುಡ್ಡು ಕಟ್ಟಿದಾಗ ಇದ್ದ 2019.1 ಆವೃತ್ತಿ ಹಾಕಿಕೊಂಡೆ. ಅದು ಎಂದಿನಂತೆ ತೆರೆದುಕೊಂಡಿತು. ಒಂದು ಅಕ್ಕಿ ಗಿರಣಿಯ ಬಿಲ್ಲಿಂಗ್ ಕೆಲಸವನ್ನು ನಾಲ್ಕು ತಿಂಗಳು ಅದರಲ್ಲೇ ಮಾಡಿ ಮುಗಿಸಿದೆ. ಆ ಬಿಲ್ಲಿನ ದುಡ್ಡು ಬಂದ ಮೇಲೆ ಮತ್ತೆ ಸಬ್‌ಸ್ಕ್ರಿಪ್ಷನ್ ಕಟ್ಟಿದೆ.

ಇದಕ್ಕೆ ಪರ್ಪೆಚುವಲ್ ಫಾಲ್‌ಬ್ಯಾಕ್ ಲೈಸೆನ್ಸ್ ಅನ್ನುತ್ತಾರೆ. ಒಂದು ವರ್ಷದ ದುಡ್ಡು ಒಟ್ಟಿಗೆ ಕಟ್ಟಿದರೆ, ಕಟ್ಟಿದ ದಿನ ಇದ್ದ ಆವೃತ್ತಿ ಕೊನೆಯವರೆಗೂ ನಮ್ಮದು. ಹೊಸ ಸೌಲಭ್ಯ ಸಿಗುವುದಿಲ್ಲ ಅಷ್ಟೇ, ಕೆಲಸ ನಿಲ್ಲುವುದಿಲ್ಲ. ಇದು ಮೊದಲಿನಿಂದ ಇದ್ದದ್ದಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಕಂಪನಿ ಸಬ್‌ಸ್ಕ್ರಿಪ್ಷನ್ ಪದ್ಧತಿ ಘೋಷಿಸಿದಾಗ, ದುಡ್ಡು ನಿಲ್ಲಿಸಿದರೆ ಉಪಕರಣವೂ ನಿಲ್ಲುತ್ತದೆ ಅಂತಿತ್ತು. ಬಳಕೆದಾರರು ಜೋರಾಗಿ ವಿರೋಧಿಸಿದರು. ಅದೇ ತಿಂಗಳು ಕಂಪನಿ ಯೋಜನೆ ಬದಲಾಯಿಸಿ ಈ ಲೈಸೆನ್ಸ್ ಸೇರಿಸಿತು. ಅವತ್ತು ದನಿ ಎತ್ತಿದವರಿಗೆ ನಾನು ಋಣಿ.

ಈ ಲೈಸೆನ್ಸಿನ ಮಹತ್ವ ಗೊತ್ತಾಗಿದ್ದು ಡೇಟಾಬೇಸ್ ಕೆಲಸದ ಇನ್ನೊಂದು ಉಪಕರಣದಿಂದ. ಹೆಸರು ಬೇಡ. ನನಗೆ ಬೇಕಿದ್ದದ್ದು ಒಂದೇ: ಎರಡು ಡೇಟಾಬೇಸ್‌ಗಳ ಟೇಬಲ್ ರಚನೆ ಹೋಲಿಸಿ ವ್ಯತ್ಯಾಸ ತೋರಿಸುವುದು. ಅದು ಬಿಡಿಯಾಗಿ ಸಿಗುತ್ತಿರಲಿಲ್ಲ. ಏಳು ಉಪಕರಣಗಳ ದೊಡ್ಡ ಕಟ್ಟನ್ನೇ ಕೊಳ್ಳಬೇಕಿತ್ತು, ಕೊಂಡೆ. ಉಳಿದ ಆರನ್ನು ಒಂದು ಸಲವೂ ತೆರೆಯಲಿಲ್ಲ. ವರ್ಷ ಮುಗಿದ ಮರುದಿನ ಬೆಳಿಗ್ಗೆ ತೆರೆದರೆ ಪರದೆ ಮೇಲೆ ಖರೀದಿ ಬಟನ್ ಒಂದೇ. ನಾನು ಮೂರು ವಾರ ಕೂತು ಬರೆದ ಡಯಾಗ್ರಾಂಗಳು ಅದರದೇ ಫೈಲ್ ರೂಪದಲ್ಲಿದ್ದವು, ಬೇರೆ ಯಾವುದರಲ್ಲೂ ತೆರೆಯಲಿಲ್ಲ. ಅವನ್ನು ಹೊರಗೆ ತೆಗೆಯುವುದಕ್ಕೆ ಅಂತಲೇ ಇನ್ನೊಂದು ವರ್ಷದ ದುಡ್ಡು ಕೊಟ್ಟೆ. ಆ ಬೇಸರ ಇನ್ನೂ ಹೋಗಿಲ್ಲ.

ಅಲ್ಟಿಮೇಟ್ ಕೂಡ ಒಂದು ಕಟ್ಟೇ ಅಲ್ವಾ? ಹೌದು. ಆದರೆ ಜಾವಾದಲ್ಲಿ ವೆಬ್ ಕೆಲಸ ಮಾಡುವವರಿಗೆ ದಿನಾ ಬೇಕಾದದ್ದೇ ಅದರೊಳಗಿದೆ. ಇದೇ ಕಂಪನಿಯ ಬೇರೆ ಉಪಕರಣಗಳಾದ, ಡೇಟಾಬೇಸ್ ಕೆಲಸಕ್ಕೆ ಡೇಟಾಗ್ರಿಪ್‌ನಲ್ಲಿ, ಜಾವಾಸ್ಕ್ರಿಪ್ಟ್‌ಗೆ ವೆಬ್‌ಸ್ಟಾರ್ಮ್‌ನಲ್ಲಿ ಸಿಗುವುದರಲ್ಲಿ ಹೆಚ್ಚಿನದು ಇಲ್ಲೇ ಇದೆ. ಪೈಥಾನ್ ಬೇಕಾದರೆ ಪ್ಲಗಿನ್ ಹಾಕಿಕೊಂಡರೆ ಆಯಿತು. ಎಲ್ಲಾ ಉತ್ಪನ್ನಗಳ ಆಲ್ ಪ್ರಾಡಕ್ಟ್ಸ್ ಪ್ಯಾಕ್ ಬೇರೆಯೇ ಇದೆ. ಸಿ++, ಡಾಟ್‌ನೆಟ್ ಎರಡರಲ್ಲೂ ಕೈ ಇಡುವವರಿಗೆ ಅದು ಸರಿ. ಜಾವಾ ಒಂದೇ ಸಾಕು ಅನ್ನುವವರು ಸುಮ್ನೆ ಅಷ್ಟು ಕೊಡಬೇಡಿ.

ವೈಯಕ್ತಿಕ ಲೈಸೆನ್ಸ್‌ಗೆ ಎರಡನೇ ವರ್ಷ ಶೇಕಡಾ 20, ಮೂರನೇ ವರ್ಷದಿಂದ ಶೇಕಡಾ 40 ರಿಯಾಯಿತಿ ಇದೆ. ಹಳೆಯ ಗ್ರಾಹಕನಿಗೆ ಬೆಲೆ ಇಳಿಸುವುದು ನನಗೆ ತುಂಬಾ ಹಿಡಿಸಿದ ವಿಷಯ. ಬೇರೆ ಕಡೆ ಮೊದಲ ವರ್ಷ ಅಗ್ಗ, ಆಮೇಲೆ ಜಾಸ್ತಿ. ಸ್ವಂತ ದುಡ್ಡಿನಲ್ಲಿ ಕೊಂಡ ಲೈಸೆನ್ಸನ್ನು ಆಫೀಸ್ ಕೆಲಸಕ್ಕೂ ಬಳಸಬಹುದು, ಆದರೆ ಆ ದುಡ್ಡನ್ನು ಕಂಪನಿಯಿಂದ ವಾಪಸ್ ಪಡೆಯುವಂತಿಲ್ಲ. ಕಂಪನಿಗಳಿಗೆ ದರ ಬೇರೆ, ತುಂಬಾ ಜಾಸ್ತಿ.

ನಮ್ಮ ಕಡೆಯವರು ಲೆಕ್ಕ ಹಾಕುವಾಗ ಶೇಕಡಾ 18 ಜಿಎಸ್‌ಟಿ ಸೇರಿಸಿಕೊಳ್ಳಿ. ಬೆಲೆ ಡಾಲರ್‌ನಲ್ಲಿದ್ದರೆ ಕಾರ್ಡಿನ ವಿನಿಮಯ ಶುಲ್ಕವೂ ಬೀಳುತ್ತದೆ. ತಾನಾಗಿಯೇ ನವೀಕರಣ ಆಗುತ್ತದೆ ಅಂತ ನಂಬಿ ಕೂರಬೇಡಿ. 2021ರ ಅಕ್ಟೋಬರ್‌ನಿಂದ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಬಂದ ಮೇಲೆ ದೊಡ್ಡ ಮೊತ್ತಕ್ಕೆ ಪ್ರತಿ ಸಲ ಒಟಿಪಿ ಬೇಕು. ನಾನು ಹದಿನೈದು ದಿನ ಮೊದಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿರುತ್ತೇನೆ.

ವಿದ್ಯಾರ್ಥಿಗಳಿಗೆ ಎಲ್ಲವೂ ಉಚಿತ. ವೆಬ್‌ಸ್ಟಾರ್ಮ್, ಡಾಟ್‌ನೆಟ್‌ಗೆ ಬಳಸುವ ರೈಡರ್ ಎರಡೂ 2024ರ ಅಕ್ಟೋಬರ್‌ನಿಂದ ವಾಣಿಜ್ಯೇತರ ಬಳಕೆಗೆ ಉಚಿತ. ಕಲಿಯುವವರು ಅಲ್ಲಿಂದಲೇ ಶುರು ಮಾಡಿ. ದುಡಿಮೆ ಶುರುವಾದ ಮೇಲೆ ಕೊಂಡರೆ, ತಿಂಗಳ ಲೆಕ್ಕದಲ್ಲಿ ಬೇಡ, ವರ್ಷದ್ದನ್ನೇ ಒಟ್ಟಿಗೆ ಕಟ್ಟಿ. ಫಾಲ್‌ಬ್ಯಾಕ್ ಲೈಸೆನ್ಸ್ ಕಟ್ಟಿದ ದಿನವೇ ಕೈಗೆ ಬರುತ್ತದೆ.