ಬೋಳು ಕಲ್ಲಿನ ದಿಬ್ಬದ ಮೇಲೆ ನಿಂತು: ವೆಲ್ಡನ್ ಸ್ಪ್ರಿಂಗ್ ಮಾಹಿತಿ ಕೇಂದ್ರದ ವಿಮರ್ಶೆ

ಅಮೆರಿಕದ ಮಿಸ್ಸೌರಿ ರಾಜ್ಯದ ಸೇಂಟ್ ಚಾರ್ಲ್ಸ್ ಕೌಂಟಿಯಲ್ಲಿ, ಸೇಂಟ್ ಲೂಯಿ ನಗರದಿಂದ ಪಶ್ಚಿಮಕ್ಕೆ ಸುಮಾರು 30 ಮೈಲಿ ದೂರದಲ್ಲಿ, ವೆಲ್ಡನ್ ಸ್ಪ್ರಿಂಗ್ ಎಂಬ ಸ್ಥಳವಿದೆ. ಅಲ್ಲಿ 75 ಅಡಿ ಎತ್ತರದ ಒಂದು ಬೋಳು ದಿಬ್ಬವೂ ಅದರ ಬುಡದಲ್ಲಿ ಒಂದು ಮಾಹಿತಿ ಕೇಂದ್ರವೂ ಇವೆ. ಎರಡನ್ನೂ ನೋಡಲು ಶುಲ್ಕವಿಲ್ಲ. ನಡೆಸುವುದು ಅಮೆರಿಕದ ಇಂಧನ ಇಲಾಖೆ. ಯುರೇನಿಯಂ ಸಂಸ್ಕರಣೆಯ ತ್ಯಾಜ್ಯವನ್ನು ಹೂತಿಟ್ಟ ಜಾಗಕ್ಕೆ ಬೇಲಿ ಹಾಕಿ ಫಲಕ ನೇತುಹಾಕಿ ಕೈತೊಳೆದುಕೊಳ್ಳುವ ಬದಲು, ಮೆಟ್ಟಿಲು ಕಟ್ಟಿ ಜನರನ್ನು ಮೇಲಕ್ಕೆ ಕರೆದಿರುವುದೇ ಈ ತಾಣದ ದೊಡ್ಡ ಗುಣ.

ಮೊದಲು ಮಾಹಿತಿ ಕೇಂದ್ರ ನೋಡಿ, ಆಮೇಲೆ ದಿಬ್ಬ ಹತ್ತುವುದು ಒಳ್ಳೆಯದು. ಇತಿಹಾಸ ತಿಳಿಯದೆ ಹತ್ತಿದವರಿಗೆ ಅದು ಬರೀ ಕಲ್ಲುರಾಶಿ. ಎರಡನೆಯ ಮಹಾಯುದ್ಧಕ್ಕೆ ಸಿಡಿಮದ್ದು ತಯಾರಿಸಲು ಸೇನೆ 1941ರಲ್ಲಿ ಇಲ್ಲಿ 17,000 ಎಕರೆಗೂ ಹೆಚ್ಚು ಭೂಮಿ ವಶಪಡಿಸಿಕೊಂಡಾಗ ಹೊವೆಲ್, ಹ್ಯಾಂಬರ್ಗ್, ಟೂನರ್‌ವಿಲ್ ಎಂಬ ಮೂರು ಊರುಗಳು ಖಾಲಿಯಾದವು. ಅಣೆಕಟ್ಟಿಗಾಗಿ ಊರು ಬಿಟ್ಟವರ ಕಥೆಗಳನ್ನು ಕೇಳಿ ಬೆಳೆದ ನಮ್ಮಂಥವರಿಗೆ ಈ ಒಂದು ಸಾಲು ಉಳಿದ ಅಂಕಿ ಅಂಶಗಳಿಗಿಂತ ಹೆಚ್ಚು ಹೊತ್ತು ಮನಸ್ಸಿನಲ್ಲಿ ನಿಲ್ಲುತ್ತದೆ.

ಯುರೇನಿಯಂ ಬಂದದ್ದು ನಂತರ. ಶಿಕಾಗೋದಲ್ಲಿ 1942ರಲ್ಲಿ ನಡೆದ ಮೊದಲ ಪರಮಾಣು ಸರಣಿ ಕ್ರಿಯೆಗೆ ಯುರೇನಿಯಂ ಶುದ್ಧೀಕರಿಸಿ ಕೊಟ್ಟಿದ್ದ ಮ್ಯಾಲಿನ್‌ಕ್ರಾಟ್ ಕಂಪನಿಯು, ಪರಮಾಣು ಶಕ್ತಿ ಆಯೋಗದ ಪರವಾಗಿ 1957ರಿಂದ 1966ರವರೆಗೆ ಇಲ್ಲಿ ಕಾರ್ಖಾನೆ ನಡೆಸಿತು. ಅದಿರಿನಿಂದ ತೆಗೆದ ಸಾಂದ್ರ ಪುಡಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ದ್ರಾವಕದ ನೆರವಿನಿಂದ ಯುರೇನಿಯಂ ಬೇರ್ಪಡಿಸಿ, ಹಂತಹಂತವಾಗಿ ಲೋಹವಾಗಿಸುತ್ತಿದ್ದರು. ಬೇಕಾದದ್ದನ್ನು ತೆಗೆದುಕೊಂಡ ಮೇಲೆ ಉಳಿದ ರೇಡಿಯಂ, ಥೋರಿಯಂ ಬೆರೆತ ಕೆಸರು ನಾಲ್ಕು ತೆರೆದ ಹೊಂಡಗಳಿಗೆ ಹೋಗುತ್ತಿತ್ತು. ಕಾರ್ಖಾನೆ ಮುಚ್ಚಿದ ಮೇಲೆ ಅದರ ಕಟ್ಟಡಗಳನ್ನು ಎಲೆ ಉದುರಿಸುವ ಕಳೆನಾಶಕದ ತಯಾರಿಕೆಗೆ ಬಳಸುವ ಯೋಚನೆಯೂ ಸೇನೆಗಿತ್ತು. ಉತ್ಪಾದನೆ ಶುರುವಾಗುವ ಮೊದಲೇ ಅದನ್ನು ಕೈಬಿಡಲಾಯಿತು. ಹೊಂಡಗಳು ಮಾತ್ರ ಇದ್ದಲ್ಲೇ ಇದ್ದವು.

ಸುಮಾರು ನಾಲ್ಕು ಮೈಲಿ ಆಚೆಯ ಸುಣ್ಣಕಲ್ಲಿನ ಕ್ವಾರಿಯದು ಇನ್ನೂ ಕಳವಳದ ಸಂಗತಿ. ಸಿಡಿಮದ್ದಿನ ಕಸವನ್ನೂ ವಿಕಿರಣಶೀಲ ಕಸವನ್ನೂ ಅದರಲ್ಲಿ ಸುರಿಯಲಾಗಿತ್ತು. ಆ ಕ್ವಾರಿಗೂ ಮಿಸ್ಸೌರಿ ನದಿಗೂ ನಡುವೆ ಕೌಂಟಿಯ ಜನರಿಗೆ ಕುಡಿಯುವ ನೀರು ಕೊಡುವ ಬಾವಿಗಳಿದ್ದವು. ಹೀಗಾಗಿ ತುರ್ತಾಗಿ ಶುಚಿಗೊಳಿಸಬೇಕಾದ ತಾಣಗಳ ರಾಷ್ಟ್ರೀಯ ಪಟ್ಟಿಗೆ 1987ರಲ್ಲಿ ಕ್ವಾರಿಯೂ 1989ರಲ್ಲಿ ಕಾರ್ಖಾನೆಯ ಆವರಣವೂ ಸೇರಿದವು.

ಇನ್ನು ದಿಬ್ಬ. ಒಡೆದ ಕಟ್ಟಡಗಳು, ಅಗೆದ ಮಣ್ಣು, ಕ್ವಾರಿಯ ಕಸ, ಸಿಮೆಂಟ್ ಮತ್ತು ಹಾರುಬೂದಿ ಕಲಸಿ ಗಟ್ಟಿಮಾಡಿದ ಹೊಂಡದ ಕೆಸರು, ಎಲ್ಲ ಸೇರಿ ಸುಮಾರು 14.8 ಲಕ್ಷ ಘನ ಗಜ ತ್ಯಾಜ್ಯ ಇದರ ಹೊಟ್ಟೆಯಲ್ಲಿದೆ. 2001ರಲ್ಲಿ ಇದನ್ನು ಮುಚ್ಚಲಾಯಿತು. ವಿಸ್ತಾರ 40 ಎಕರೆಗೂ ಹೆಚ್ಚು. ಅಡಿಯಲ್ಲಿ ಜೇಡಿಮಣ್ಣು ಮತ್ತು ಪ್ಲಾಸ್ಟಿಕ್ ಹಾಳೆಯ ಪದರಗಳು, ಜಿನುಗುವ ನೀರನ್ನು ಹಿಡಿದು ಹೊರತೆಗೆಯುವ ಕೊಳವೆಗಳು, ಮೇಲೆ ಮತ್ತೆ ಪದರಗಳು, ಎಲ್ಲಕ್ಕೂ ಮೇಲೆ ಕಲ್ಲು. ಮೆಟ್ಟಿಲ ಮೇಲೆ ನಿಂತು ಬಗ್ಗಿ ನೋಡಿದರೆ ಬಿಳಿ, ಬೂದು ಬಣ್ಣದ ಒರಟು ಕಲ್ಲುಗಳು ಒಂದರ ಸಂದಿಗೊಂದು ಸಿಕ್ಕಿಕೊಂಡು ಕೂತಿರುವುದು ಕಾಣುತ್ತದೆ. ಇಲ್ಲಿ ಹಸಿರು ಬೆಳೆಸದಿರುವುದು ಉದಾಸೀನದಿಂದಲ್ಲ: ಬೇರು ಇಳಿದರೆ, ಪ್ರಾಣಿ ಬಿಲ ತೋಡಿದರೆ, ಮಳೆನೀರು ಕೊರೆದರೆ ಕೆಳಗಿನ ಪದರಗಳಿಗೆ ಪೆಟ್ಟು ಬೀಳುತ್ತದೆ. ಸುತ್ತ ಮರುನೆಟ್ಟ ಹುಲ್ಲುಗಾವಲಿನ ನಡುವೆ ಈ ಬೋಳುತನ ಎದ್ದು ಕಾಣುತ್ತದೆ, ಕಾಣಲೂ ಬೇಕು.

ತುದಿಯ ವೇದಿಕೆಯಲ್ಲಿ ಮಾಹಿತಿ ಫಲಕಗಳಿವೆ, ನೆರಳಿಲ್ಲ; ಬೇಸಿಗೆಯಲ್ಲಿ ಬೆಳಗ್ಗೆಯೇ ಹತ್ತುವುದು ಲೇಸು, ಮಂಡಿನೋವಿನವರು ಕೆಳಗಿನ ಕೇಂದ್ರಕ್ಕೇ ತೃಪ್ತಿಪಡಬಹುದು. ಪಿಕ್ನಿಕ್ಕಿನ ಉತ್ಸಾಹದಲ್ಲಿ ಬರುವವರಿಗೆ ಈ ಜಾಗ ನಿರಾಸೆ ತಂದೀತು. ಆದರೆ "ಶುಚಿಗೊಳಿಸಲಾಗಿದೆ" ಎಂಬ ಮಾತನ್ನು ಪೂರ್ತಿ ನಂಬುವ ಮೊದಲು ಒಂದು ಸಂಗತಿ ಗೊತ್ತಿರಲಿ: ವಿಕಿರಣ ಅಳಿದಿಲ್ಲ, ಒಂದು ಕಡೆ ಕೂಡಿಡಲಾಗಿದೆ; ಅಂತರ್ಜಲದಲ್ಲಿ ಉಳಿದ ಮಾಲಿನ್ಯವನ್ನು ಪರೀಕ್ಷಾ ಬಾವಿಗಳ ಮೂಲಕ ಗಮನಿಸುತ್ತಿದ್ದಾರೆ, ಐದು ವರ್ಷಕ್ಕೊಮ್ಮೆ ಇಡೀ ತಾಣದ ಪರಿಶೀಲನೆ ನಡೆಯುತ್ತದೆ.

ಇನ್ನೆರಡು ಗಂಟೆ ಬಿಡುವಿದ್ದರೆ ಇಲ್ಲಿಂದ ಹೊರಡುವ ಕಾಲುದಾರಿಯಲ್ಲಿ ನಡೆಯಬಹುದು. ಕ್ವಾರಿಯಿಂದ ಲಾರಿಗಳು ಕಸ ಹೊತ್ತು ತಂದ ರಸ್ತೆಯೇ ಈಗ ಕಾಲುದಾರಿಯಾಗಿದೆ. ಅದಕ್ಕಿಟ್ಟ ಹೆಸರು ಹ್ಯಾಂಬರ್ಗ್, 1941ರಲ್ಲಿ ಖಾಲಿಯಾದ ಊರಿನದು.