ಕಾರ್ಡ್ ಸಾಲಕ್ಕೆ ‘ಸೆಟಲ್‌ಮೆಂಟ್’ ಮಾಡಿಕೊಡುತ್ತೇವೆ ಎಂದು ಫೋನ್ ಬಂದರೆ, ಹಣ ಕಟ್ಟುವ ಮುನ್ನ ಇದನ್ನು ಓದಿ

ಕ್ರೆಡಿಟ್ ಕಾರ್ಡಿನ ಬಾಕಿ ಉಳಿಸಿಕೊಂಡವರಿಗೆ ವಸೂಲಿ ವಿಭಾಗದ ಫೋನುಗಳು ಹೇಗಿರುತ್ತವೆ ಎಂಬುದನ್ನು ವಿವರಿಸಬೇಕಾಗಿಲ್ಲ. ಮೊದಲು ಗದರಿಕೆ, ಆಮೇಲೆ ಲೀಗಲ್ ನೋಟಿಸಿನ ಬೆದರಿಕೆ, ಅದಾದ ಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಬಹಳ ಸೌಜನ್ಯದಿಂದ ರಿಯಾಯಿತಿಯ ಮಾತು. ಆ ಗದರಿಕೆಯಿಂದ ನಮ್ಮ ಮನೆಗೆ ಆಗದಿದ್ದ ಹಾನಿ ಈ ಸೌಜನ್ಯದಿಂದ ಆಗಿದೆ. ಇನ್ನೊಬ್ಬರಿಗೆ ಹೀಗಾಗಬಾರದೆಂದು ಬರೆಯುತ್ತಿದ್ದೇನೆ.

ತಂದೆಯವರ ಶಸ್ತ್ರಚಿಕಿತ್ಸೆಯ ಸಮಯದಲ್ಲಿ ವಿಮೆಯ ಹಣ ಸಾಲದೆ ಉಳಿದ ಬಿಲ್ಲನ್ನು ಕಾರ್ಡಿನಿಂದ ಕಟ್ಟಿದ್ದೆ. ಆಮೇಲಿನ ತಿಂಗಳುಗಳಲ್ಲಿ ಕೆಲವೊಮ್ಮೆ ಮಿನಿಮಮ್ ಮೊತ್ತವಷ್ಟೇ ಕಟ್ಟಲು ಸಾಧ್ಯವಾಯಿತು, ಕೆಲವೊಮ್ಮೆ ಅದೂ ಆಗಲಿಲ್ಲ. ತಿಂಗಳಿಗೆ ಶೇಕಡಾ 3.5ರಂತೆ, ಅಂದರೆ ವರ್ಷಕ್ಕೆ ಶೇಕಡಾ 40 ದಾಟುವ ಬಡ್ಡಿ, ಅದರ ಮೇಲೆ ಲೇಟ್ ಫೀ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ ಬಾಕಿ 1,18,000 ರೂಪಾಯಿಗೆ ಬಂದು ನಿಂತಿತು. ನಾನು ಹಾಕಿದ್ದ ಚೀಟಿ ಎತ್ತಿದಾಗ ಆ ಪೂರ್ತಿ ಹಣ ಕೈಯಲ್ಲಿತ್ತು. ಈ ಮಾತನ್ನು ದಯವಿಟ್ಟು ಗಮನಿಸಿ: ಪೂರ್ತಿ ಕಟ್ಟಲು ನಾನು ಸಿದ್ಧನಿದ್ದೆ, ಪೂರ್ತಿ ಕಟ್ಟುತ್ತೇನೆಂದು ನಾನಾಗಿಯೇ ವಸೂಲಿಯವರಿಗೆ ಫೋನ್ ಮಾಡಿ ಹೇಳಿದ್ದೆ.

ಆ ಕಡೆಯ ವ್ಯಕ್ತಿ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. “ಸರ್, ಪೂರ್ತಿ ಯಾಕೆ ಕಟ್ತೀರಾ? ನಿಮ್ಮಂಥೋರಿಗೋಸ್ಕರನೇ ಈ ತಿಂಗಳು ಸ್ಕೀಮ್ ಬಂದಿದೆ. ಎಪ್ಪತ್ತು ಸಾವಿರ ಹಾಕಿ, ಉಳಿದಿದ್ದು ಬ್ಯಾಂಕೇ ಬಿಟ್ಟುಕೊಡುತ್ತೆ. ಫೈಲ್ ಕ್ಲೋಸ್.” ಇದರಿಂದ ಸಿಬಿಲ್‌ಗೆ, ಅಂದರೆ ನಮ್ಮ ಸಾಲಗಳ ಇತಿಹಾಸದ ದಾಖಲೆಗೆ, ತೊಂದರೆಯಾಗುವುದಿಲ್ಲವೇ ಎಂದು ಕೇಳಿದೆ. “ಬಾಕಿನೇ ಇರಲ್ಲ ಅಂದ್ಮೇಲೆ ತೊಂದರೆ ಎಲ್ಲಿಂದ ಬರುತ್ತೆ ಸರ್? ಎಲ್ಲಾ ಕ್ಲೀನ್ ಆಗುತ್ತೆ” ಎಂದರು. ಲಿಖಿತವಾಗಿ ಕೊಡಿ ಎಂದೆ. ವಾಟ್ಸಾಪ್‌ನಲ್ಲಿ ಒಂದು ಪುಟದ ಚಿತ್ರ ಬಂತು: ಮೇಲೆ ಬ್ಯಾಂಕಿನ ಲಾಂಛನ, ನಡುವೆ ನನ್ನ ಹೆಸರು, ಕಾರ್ಡಿನ ಕೊನೆಯ ನಾಲ್ಕು ಅಂಕಿ, 70,000 ರೂಪಾಯಿ, ‘ಫುಲ್ ಅಂಡ್ ಫೈನಲ್’ ಎಂಬ ದಪ್ಪಕ್ಷರ. ಸಂಜೆಯೊಳಗೆ ಕಟ್ಟದಿದ್ದರೆ ಸ್ಕೀಮ್ ಮುಗಿಯುತ್ತದೆ ಎಂದು ಮತ್ತೆ ಮತ್ತೆ ಫೋನ್ ಬಂತು. ಕಟ್ಟಿದೆ. ಪತ್ರಕ್ಕೆ ಎರಡನೆಯ ಪುಟವೂ ಇದೆಯೆಂಬುದು ಹಣ ಸಂದಾಯವಾದ ಮೇಲೆ ಇಮೇಲ್‌ನಲ್ಲಿ ಬಂದ ಪ್ರತಿಯಿಂದ ತಿಳಿಯಿತು. ಈ ಖಾತೆಯನ್ನು ‘ಸೆಟಲ್ಡ್’ ಎಂದು ಸಿಬಿಲ್‌ನಂಥ ಕ್ರೆಡಿಟ್ ಮಾಹಿತಿ ಕಂಪನಿಗಳಿಗೆ ವರದಿ ಮಾಡಲಾಗುವುದು ಎಂಬ ಸಾಲು ಆ ಪುಟದ ತಳದಲ್ಲಿತ್ತು.

ಅದರ ಪರಿಣಾಮ ಗೊತ್ತಾಗಿದ್ದು ಮಗಳಿಗೆ ಸಿಇಟಿಯಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಾಗ. ಏಳೂವರೆ ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ಅಡಮಾನ ಬೇಕಿಲ್ಲ, ಆದರೆ ತಂದೆ ಅಥವಾ ತಾಯಿ ಸಹ ಸಾಲಗಾರರಾಗಿ ಸಹಿ ಹಾಕಬೇಕು ಎಂಬುದು ನಿಮಗೆ ಗೊತ್ತು. ನಾವು ಸಾಲ ಕೇಳಲು ಹೋಗಿದ್ದು ಬೇರೆಯೇ ಬ್ಯಾಂಕಿಗೆ. ಅಲ್ಲಿನ ಅಧಿಕಾರಿ ನನ್ನ ವರದಿ ತೆಗೆದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. ಖಾತೆಯ ಸ್ಥಿತಿಯ ಮುಂದೆ ‘ಸೆಟಲ್ಡ್’, ಅದರ ಕೆಳಗೆ ಸೆಟಲ್‌ಮೆಂಟ್ ಮೊತ್ತ 70,000. “ಸಾಲ ಪೂರ್ತಿ ತೀರಿಸಿಲ್ಲ, ಬ್ಯಾಂಕು ನಷ್ಟ ಮಾಡಿಕೊಂಡು ಕೈಬಿಟ್ಟಿದೆ ಅಂತ ನಮಗೆ ಇದರಿಂದ ಗೊತ್ತಾಗುತ್ತೆ. ಇದು ಕಂಡ ಮೇಲೆ ಮೇಲಿನವರು ಒಪ್ಪಲ್ಲ ಸರ್” ಎಂದರು. ಒರಟಾಗಿ ಹೇಳಲಿಲ್ಲ. ಆದರೆ ಪಕ್ಕದಲ್ಲಿ ಮಗಳು ಕುಳಿತಿದ್ದಳು. ಯಾರ ಹಣವನ್ನೂ ಮುಳುಗಿಸದ ನಾನು, ಮಗಳ ಎದುರಿಗೆ ಸಾಲ ತೀರಿಸದವನೆಂದು ಅನ್ನಿಸಿಕೊಂಡೆ. ಪೂರ್ತಿ ಹಣ ಕೈಯಲ್ಲಿಟ್ಟುಕೊಂಡು ಹೋಗಿದ್ದವನಿಗೆ ಈ ಪಟ್ಟ! ಶುಲ್ಕ ಕಟ್ಟುವ ಕೊನೆಯ ದಿನ ಹತ್ತಿರವಿದ್ದುದರಿಂದ ಹೆಂಡತಿಯ ಸರ ಮತ್ತು ಬಳೆಗಳನ್ನು ಅಡವಿಟ್ಟು ಸೀಟು ಉಳಿಸಿಕೊಂಡೆವು.

ಕಾರ್ಡ್ ಕೊಟ್ಟ ಬ್ಯಾಂಕಿನವರ ಉತ್ತರಗಳನ್ನು ಕೇಳಿ. ಗ್ರಾಹಕ ಸೇವೆಯವರು “ಪತ್ರದಲ್ಲಿ ಎಲ್ಲಾ ಬರೆದಿದೆ, ನೀವು ಓದಿಲ್ವಾ?” ಎಂದರು. ಆ ಪುಟ ಹಣ ಕಟ್ಟಿದ ಮೇಲೆ ಬಂತು ಎಂದರೆ “ಫೋನಿನಲ್ಲಿ ಮಾತಾಡಿದ್ದು ವಸೂಲಿ ಏಜೆನ್ಸಿಯವರು, ಬ್ಯಾಂಕಿನವರಲ್ಲ” ಎಂಬ ಉತ್ತರ. ಏಜೆನ್ಸಿಯ ಆ ವ್ಯಕ್ತಿ “ನಿಮಗೆ 48,000 ಉಳಿಸಿಕೊಟ್ಟೆ, ಈಗ ನನ್ನ ಮೇಲೇ ಸಿಟ್ಟಾದ್ರೆ ಹೇಗೆ?” ಎಂದು ಫೋನ್ ಇಟ್ಟರು. ಸರಿ, ಬಿಟ್ಟುಕೊಟ್ಟ ಆ 48,000ವನ್ನೂ ಈಗಲೇ ಕಟ್ಟುತ್ತೇನೆ, ಖಾತೆಯನ್ನು ‘ಕ್ಲೋಸ್ಡ್’ (ಪೂರ್ತಿ ತೀರಿದೆ) ಎಂದು ತಿದ್ದಿಸಿ ಎಂದು ಶಾಖೆಯಲ್ಲಿ ಕೇಳಿದೆ. “ನಿಮ್ಮ ಕಾರ್ಡ್ ಈಗ ಸಿಸ್ಟಮ್‌ನಲ್ಲೇ ಇಲ್ಲ ಸರ್, ಹಣ ಯಾವ ಅಕೌಂಟಿಗೆ ಹಾಕಿಸಿಕೊಳ್ಳೋಣ?” ಎಂದರು. ಕೇಳಿದಷ್ಟನ್ನೂ ಕೊಡುತ್ತೇನೆಂದರೂ ತೆಗೆದುಕೊಳ್ಳದೆ, ತೆಗೆದುಕೊಂಡಿಲ್ಲವೆಂದು ಜಗತ್ತಿಗೆಲ್ಲ ವರದಿ ಮಾಡುವ ಈ ವ್ಯವಹಾರಕ್ಕೆ ಏನೆನ್ನಬೇಕು?

ಸಿಬಿಲ್‌ಗೆ ನೇರವಾಗಿ ಆಕ್ಷೇಪಣೆ ಸಲ್ಲಿಸಿದರೆ, ಬ್ಯಾಂಕು ದೃಢಪಡಿಸದೆ ಅವರು ದಾಖಲೆಯನ್ನು ಬದಲಾಯಿಸುವುದಿಲ್ಲ. ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೆ ಇಮೇಲ್ ಮೂಲಕ, ವಾಟ್ಸಾಪ್ ಚಿತ್ರ ಮತ್ತು ಎರಡನೆಯ ಪುಟ ಬಂದ ಸಮಯದ ಪುರಾವೆಯೊಂದಿಗೆ ದೂರು ಕೊಟ್ಟ ಮೇಲೆ ಮಾತಿನ ಧಾಟಿ ಬದಲಾಯಿತು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಕ್ರೆಡಿಟ್ ಮಾಹಿತಿಯ ದೂರನ್ನು 30 ದಿನಗಳಲ್ಲಿ ಇತ್ಯರ್ಥ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಇದನ್ನು ಶಾಖೆಯಲ್ಲಿ ಯಾರೂ ನನಗೆ ಹೇಳಲಿಲ್ಲ. ಈಗ ಹಣ ತೆಗೆದುಕೊಳ್ಳಲು ಒಪ್ಪಿದ್ದಾರೆ, ಆದರೆ ವರದಿ ಯಾವಾಗ ಬದಲಾಗುತ್ತದೆ ಎಂದು ಬರೆದುಕೊಡಲು ಮಾತ್ರ ಇನ್ನೂ ಒಪ್ಪಿಲ್ಲ. ಅದು ಕೈಗೆ ಬರುವವರೆಗೆ ನಾನು ಒಂದು ರೂಪಾಯಿಯನ್ನೂ ಕಟ್ಟುವುದಿಲ್ಲ.

ಪೂರ್ತಿ ಕಟ್ಟುವ ಶಕ್ತಿ ನಿಮಗಿದ್ದರೆ ಯಾವ ರಿಯಾಯಿತಿಗೂ ಒಪ್ಪಬೇಡಿ; ಕಂತು ಮಾಡಿಕೊಡಿ ಎಂದು ಕೇಳಿ, ಪೂರ್ತಿ ತೀರಿಸಿ, ಬಾಕಿ ಇಲ್ಲವೆಂಬ ನೋ ಡ್ಯೂ ಪತ್ರ ಪಡೆಯಿರಿ. ನಿಜಕ್ಕೂ ಕಟ್ಟಲಾಗದ ಸ್ಥಿತಿ ಇದ್ದರೆ ಸೆಟಲ್‌ಮೆಂಟ್ ಮಾಡಿಕೊಳ್ಳುವುದು ನಿಮ್ಮ ನಿರ್ಧಾರ, ಆದರೆ ಬ್ಯಾಂಕಿನ ಅಧಿಕೃತ ಇಮೇಲ್‌ನಿಂದ ಎಲ್ಲ ಪುಟಗಳೂ ಬಂದ ಮೇಲೆ ಮಾತ್ರ ಹಣ ಹಾಕಿ. ಈಗಾಗಲೇ ಹೀಗೆ ಕಟ್ಟಿದ್ದರೆ, ಮಕ್ಕಳ ಸೀಟು ಬರುವವರೆಗೆ ಕಾಯದೆ ಈ ವಾರವೇ ನಿಮ್ಮ ವರದಿ ತೆಗೆಸಿ ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಲೇಬೇಕು.